ಮೂವತ್ತಾರು ಸಲ

ರಾತ್ರಿ ಹಲ್ಲು ಮಸೀತೀರಿ ನೀವು, ಅಂದರು ಹೂ ಡಾಕ್ಟರು,
ದವಡೆಯೊಳಗೆ ಪುಟ್ಟ ಕನ್ನಡಿ ತಿರುಗಿಸುತ್ತ.
ಯಾರ ಮೇಲೆ?

ಬಾಯ್ತುಂಬ ಹತ್ತಿ. ಉತ್ತರ ಕೊಡುವ ಹಾಗಿರಲಿಲ್ಲ.
ಧನ್ವಂತರಿ ರಸ್ತೆಯ ಆ ಮಹಡಿಗೆ
ಕೆಳಗಿನ ಔಷಧಿ ಅಂಗಡಿಯ ಟೀವಿ ಕೇಳಿಸುತ್ತದೆ.
ನಾಲ್ಕು ಜನ ಒಟ್ಟಿಗೆ ಕಿರುಚುತ್ತಿದ್ದರು,
ಐದನೆಯವನು ಶಾಂತಿ ಶಾಂತಿ ಎಂದು ಕಿರುಚುತ್ತಿದ್ದ.

ಹೂ ಅವರ ಮನೆತನದ ಹೆಸರು, ಚೀನಾದ್ದು.
ದೇವರಾಜ ಮಾರುಕಟ್ಟೆಯ ಹೂವಾಡಗಿತ್ತಿಯರು
ನಮ್ಮೋರೇ ಅಂದುಕೊಂಡು ಹಲ್ಲು ಕೀಳಿಸಿಕೊಳ್ಳಲು ಬರುತ್ತಾರೆ.

ನಾನು ಸಂಜೆ ಪತ್ರಿಕೆಯಲ್ಲಿ ಕರಡು ತಿದ್ದುವವಳು,
ಇಪ್ಪತ್ತೆರಡು ವರ್ಷದಿಂದ.
ಯಾರು ಯಾರನ್ನು ಗಡಿ ದಾಟಿಸುತ್ತೇವೆಂದರೂ
ಮೊದಲು ನನ್ನ ಮೇಜಿಗೆ ಬರುತ್ತದೆ.
ಒತ್ತಕ್ಷರ ನೋಡಿ, ದೀರ್ಘ ಸರಿಮಾಡಿ
ಬೆದರಿಕೆಯನ್ನು ಅಚ್ಚಿಗೆ ಕಳಿಸುತ್ತೇನೆ.
ಹೊಸ ಮತದಾರರ ಪಟ್ಟಿಯಲ್ಲಿ
ನಜ್ಮಾ ಎಂಬ ನಾನು ನಗ್ಮಾ ಆಗಿದ್ದೇನೆ.
ಒಂದಕ್ಷರ.
ಅಲ್ಲಿ ನನ್ನ ಕೆಂಪು ಪೆನ್ನು ನಡೆಯುವುದಿಲ್ಲ.

ಗಾರ್ಡು ಮಾಡಿಕೊಡ್ತೀನಿ, ನಾಲ್ಕು ಸಾವಿರ, ಅಂದರು.
ಇಲ್ಲ ನಮ್ಮಪ್ಪ ಹೇಳಿಕೊಟ್ಟದ್ದು ಒಂದಿದೆ, ಅದು ಪುಕ್ಕಟೆ.
ಬೆಳಿಗ್ಗೆ ಎದ್ದು ಹಲ್ಲಿಗೆ ಹಲ್ಲು ಕುಟ್ಟಿ,
ಮೆತ್ತಗೆ, ಮೂವತ್ತಾರು ಸಲ,
ಬಾಗಿಲು ತಟ್ಟಿದ ಹಾಗೆ. ಒಳಗಿರೋರು ಏಳಲಿ.
ನಾಲಗೆ ಅಂಗುಳಿಗೆ ಹಚ್ಚಿ. ಊರಿದ ಜೊಲ್ಲನ್ನ
ಮೂರು ಗುಟುಕು ಮಾಡಿ ನುಂಗಿ.
ಹೊಕ್ಕುಳ ಕೆಳಗೊಂದು ಬಿಂದಿಗೆ ಇದೆ ಅಂದ್ಕೊಳ್ಳಿ, ಅದರ ತಳಕ್ಕೆ.
ಆಮೇಲೆ ಕೂತು ಮರೀರಿ.

ಏನನ್ನ?

ಮೊದಲು ಟೀವಿ. ಆಮೇಲೆ ಹೆಸರು.
ಆಮೇಲೆ ಕೂತಿರೋದನ್ನೂ.

ಹೆಸರು ಸುಲಭ ಡಾಕ್ಟ್ರೇ, ಅಂದೆ,
ಸರ್ಕಾರ ಆಗಲೇ ಮರೆಯೋಕೆ ಶುರುಮಾಡಿದೆ.

ಮಂಡಿ ಮೊಹಲ್ಲಾದ ತಾರಸಿ. ನೀರಿನ ತೊಟ್ಟಿಗೆ ಬೆನ್ನು.
ಹದಿಮೂರಕ್ಕೆ ಅಳಿಯ ಕಳಿಸಿದ ವೀಡಿಯೋ ನೆನಪಾಯಿತು.
ಮತ್ತೆ ಒಂದರಿಂದ.
ಹತ್ತೊಂಬತ್ತಕ್ಕೆ, ಅಮ್ಮನ ಜನನಪತ್ರ ಇತ್ತೇ ಎಂದಾದರೂ?
ಮತ್ತೆ ಒಂದರಿಂದ.
ಹನ್ನೊಂದನೇ ದಿನವೋ ಹನ್ನೆರಡೋ
ಬಿಂದಿಗೆಯ ತಳದಲ್ಲಿ ಒಂದು ಗುಟುಕು ನಿಂತಂತಾಯಿತು.
ಅಷ್ಟೆ.
ನಲ್ಲಿ ಬಂತು ಎಂದು ಕೆಳಗಿನಿಂದ ಕೂಗಿದರು, ಓಡಿದೆ.

ಮುಂದಿನ ಸಲ ಕೇಳಿಯೇಬಿಟ್ಟೆ:
ಇದು ಕಣ್ಣುಮುಚ್ಚಿಕೊಳ್ಳೋದಲ್ವಾ?
ಊರಿಗೆ ಬೆಂಕಿ ಬಿದ್ದಾಗ ಜೊಲ್ಲು ನುಂಗಿಕೊಂಡು ಕೂರೋದು?

ಇಕ್ಕಳ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು.
ಅರವತ್ತೆರಡು. ನಾವು ಅಸ್ಸಾಮಿನಲ್ಲಿದ್ವಿ. ನಂಗೆ ಏಳು ವರ್ಷ.
ಒಂದು ಬಟ್ಟೆಗಂಟು ಸಾಕು ಅಂದ್ರು ಪೊಲೀಸ್ನೋರು.
ರಾಜಸ್ಥಾನದ ಕ್ಯಾಂಪಿಗೆ ರೈಲು, ದಿನಗಟ್ಟಲೆ.
ಒಂದು ಸ್ಟೇಷನ್ನಲ್ಲಿ ಕಿಟಕಿಗೆ ಕಲ್ಲು ಬಂತು.
ನನ್ನ ಹಲ್ಲು ಕಟಕಟ ಅಂತಿತ್ತು, ನಿಲ್ಲಿಸೋಕೆ ಆಗ್ತಿರ್ಲಿಲ್ಲ.
ನಿಲ್ಲಿಸಬೇಡ, ಅಂದ್ರು ಅಪ್ಪ.
ಲೆಕ್ಕ ಇಡು.

ಆಮೇಲೆ ಮೇಜಿನ ಖಾನೆ ಎಳೆದು ತೋರಿಸಿದರು,
ತುಕ್ಕು ಹತ್ತಿದ ಬಿಸ್ಕತ್ತಿನ ಡಬ್ಬಿ.
ಬಿಡುಗಡೆ ಚೀಟಿ, ಹರಾಜಾದ ಮನೆಯ ಕಂದಾಯದ ರಸೀದಿ,
ಮೈಸೂರಿಗೆ ಬಂದ ವರ್ಷದ ರೇಷನ್ ಕಾರ್ಡು.
ಮರೆತಿದ್ದೀರಿ ಅಂದುಕೊಂಡೆ, ಅಂದೆ.
ಕೂತಾಗ ಮರೀತೀನಿ.
ಎದ್ದಾಗ ಡಬ್ಬಿ ಎಲ್ಲಿದೆ ಗೊತ್ತಿರಬೇಕು.

ಶನಿವಾರ ಸರ್ಕಾರಿ ಶಾಲೆಯ ಜಗಲಿ, ನಮೂನೆ ಎಂಟು.
ಪಟ್ಟಿಯಲ್ಲಿ ಡಾಕ್ಟರು ಹೂವಪ್ಪ ಆಗಿದ್ದರು.
ಚೆನ್ನಾಗೇ ಇದೆ, ಬಿಡಲೋ, ಅಂದರು ನಗುತ್ತ,
ಕೈಯಲ್ಲಿ ಮಾತ್ರ ಡಬ್ಬಿ ಭದ್ರ.
ಸಾಲಿನ ಮುಂದೆ ಯಾರೋ ಯಾರಿಗೋ
ನಿನ್ನ ದೇಶ ಯಾವುದು ಎಂದು ಕೂಗಿದರು.
ಅಧಿಕಾರಿ ತಲೆಯೆತ್ತಲಿಲ್ಲ.
ನಾನು ತುಟಿ ಮುಚ್ಚಿ, ಒಳಗೆ, ಮೆತ್ತಗೆ.
ಪಕ್ಕದಲ್ಲಿ ಅವರ ದವಡೆಯೂ ಸಣ್ಣಗೆ ಆಡುತ್ತಿತ್ತು,
ಎಷ್ಟನೆಯದೋ, ಕೇಳಲಿಲ್ಲ.
ನನ್ನದು ಇಪ್ಪತ್ತೊಂದು.